ಒಡಪಿನೊಳಗೆ ಕೂತ ಸರ್

ನಾನು ಓದಿದ್ದು ಮೂರನೆಯ ಇಯತ್ತೆ. ಆದರೂ ಮೊಮ್ಮಗಳಿಗೆ ಕಂಪ್ಯೂಟರ್ ಪಾಠ ಹೇಳಿಕೊಟ್ಟವಳು ನಾನೇ. ನಂಬದಿದ್ದರೆ ಬಿಡಿ.

ಆಗ ಹೈದರಾಬಾದಿನಲ್ಲಿ ಗೋಡೆ ಕಂಡಲ್ಲೆಲ್ಲ ಕಂಪ್ಯೂಟರ್ ಕ್ಲಾಸಿನ ಪೋಸ್ಟರ್. ಇವಳೂ ನಾರಾಯಣಗೂಡದ ಒಂದು ಕ್ಲಾಸಿಗೆ ಸೇರಿದ್ದಳು. ಯಾವ ಹೆಸರು ಕೊಟ್ಟರೂ ಅದನ್ನು ಸೇರಿಸಿಕೊಂಡು ಕಂಪ್ಯೂಟರ್ ಒಂದು ವಾಕ್ಯ ತೋರಿಸಬೇಕು. ಸೋಮವಾರ ಅದನ್ನು ಮಾಡಿ ತೋರಿಸದಿದ್ದರೆ ಸರ್ ಇವಳನ್ನು ಮತ್ತೆ ಮೊದಲ ಪಾಠಕ್ಕೇ ಕೂರಿಸುವವರಿದ್ದರು. ಮೂರನೆಯ ಸಲ. ಮೂಗು ಒರೆಸಿಕೊಳ್ಳುತ್ತ ಕೂತಿದ್ದಳು.

“ಸ್ಟ್ರಿಂಗ್ ಇಂಟರ್‌ಪೊಲೇಶನ್ ಅಂತ, ಅಜ್ಜಿ. ವಾಕ್ಯದಾಗ ಒಂದು ಜಾಗಾ ಖಾಲಿ ಬಿಡಬೇಕಂತ, ಹೆಸರು ಆಮ್ಯಾಲೆ ಬಂದು ಕೂಡತೈತಂತ. ತಲಿಗೆ ಹೋಗವಲ್ದು.”

“ಅಯ್ಯ, ಒಡಪು ಅನ್ನವಾ!” ಎಂದೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಪದ ಕಟ್ಟಿ ಅದರೊಳಗಿಟ್ಟು ಹೇಳುತ್ತೇವೆ. ಪದ ಎಲ್ಲರಿಗೂ ಒಂದೇ ಇರಬಹುದು, ಗಂಡ ಮಾತ್ರ ಅವರವರದು. ನನ್ನದನ್ನೇ ಹೇಳಿದೆ:

“ಜ್ವಾಳದ ರೊಟ್ಟಿಗೆ ಬೆಣ್ಣಿ ಚಂದ, ಶೇಂಗಾ ಹಿಂಡಿಗೆ ಎಣ್ಣಿ ಚಂದ, ನನ್ನ ಪಕ್ಕಕ್ಕ ಇಂಥಾ ರಾಯರು ಕುಂತ್ರ ಚಂದ.”

ಇಂಥಾ ಅಂದಲ್ಲಿ ನಮ್ಮವರ ಹೆಸರು. ಅವಳು ಅದನ್ನು ಮನೆಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟಕಟಕ ಹೊಡೆದಳು. ಪರೀಕ್ಷೆಗೆಂದು ಪಕ್ಕದ ಮನೆಯಾಕೆಯ ಗಂಡನ ಹೆಸರು ಕೊಟ್ಟಳು. ಪರದೆಯ ಮೇಲೆ ಬಂದವರು ನಮ್ಮವರೇ. ಎದುರು ಮನೆಯವನನ್ನು ಕೊಟ್ಟಳು. ಆಗಲೂ ನಮ್ಮವರೇ.

“ನನ್ನ ಗಂಡನ್ನ ಓಣಿಗೆಲ್ಲಾ ಹಂಚ್ತಿಯೇನ? ಖಾಲಿ ಬಿಡು ಅಂದಲ್ಲಿ ನಿಮ್ಮಜ್ಜನ್ನ ತಂದು ಕುಂದ್ರಿಸೀಯಲ್ಲ! ಎಬ್ಬಿಸು ಮೊದಲ!”

ಪೇಪರ್ ಓದುತ್ತಿದ್ದ ನಮ್ಮವರು ಕುರ್ಚಿ ಬಿಟ್ಟೆದ್ದರು. ಕಂಪ್ಯೂಟರಿನಿಂದಲೂ ಎದ್ದರು. ಆಮೇಲೆ ಯಾರ ಹೆಸರು ಕೊಟ್ಟರೆ ಅವರೇ ಬಂದು ಕೂತರು.

ಸೋಮವಾರ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಳತೊಡಗಿದಳು.

“ಫೇಲಾದಿ?”

“ಪಾಸಾದೆ.”

“ಮತ್ಯಾಕ ಅಳಾಕತ್ತಿ?”

ಸರ್ ತೆಲುಗಿನವರು, ತಲೆ ನೆರೆತವರು. ಖುಷಿಯಿಂದ ತಮ್ಮ ಹೆಸರನ್ನೇ ಹೊಡೆದು, ಬಂದದ್ದನ್ನು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿದರಂತೆ. ರೊಟ್ಟಿ ಕಂಡು “ವಂಟಾ ಅಮ್ಮಾ?” ಎಂದು ಕೇಳಿದರಂತೆ. ಇವಳು ಹೌದು, ಅಡುಗೆಯೇ ಎಂದು ತಲೆಯಾಡಿಸಿದಳಂತೆ. ರಾಯಚೂರಿನ ಹುಡುಗಿಯರಿಬ್ಬರು ನಗು ತಡೆಯಲಾರದೆ ಬೆಂಚಿನ ಕೆಳಗೆ ಜಾರಿದರಂತೆ.

“ಅಷ್ಟಕ್ಕ ಮುಗೀಲಿಲ್ಲಜ್ಜಿ. ಭಾಳ ಚಲೋ ಐತಿ ಅಂತ ಬೋರ್ಡಿನ ಮ್ಯಾಲೆ ಬರೆಸ್ಯಾರ. ನಾಳೆ ಎಲ್ಲಾರೂ ಇದನ್ನ ಮಾಡಬೇಕಂತ, ಸರ್ ಹೆಸರು ಹಾಕಿ!”

“ಎಷ್ಟು ಮಂದಿ ಇದ್ದೀರಿ?”

“ನಲವತ್ತು.”

“ಅಳಬ್ಯಾಡ,” ಎಂದೆ. “ಅವರ ಹೆಂಡತಿಗೆ ಕನ್ನಡ ಬರತೈತೇನ, ಅಷ್ಟು ಕೇಳ್ಕೊಂಡು ಬಾ.”