ಒಳತೋಳಿನ ತೇಪೆ

ದರ್ಜಿ ಮಾಸ್ಟ್ರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವಾಗಲೋ ಮಿಷನ್ನಿನ ಸೂಜಿ ಉಗುರಿನಲ್ಲಿ ಇಳಿದಿತ್ತಂತೆ. ಗಾಯ ಮಾಯಿತು, ಉಗುರು ಮಾತ್ರ ಮತ್ತೆ ಒಂದಾಗಲಿಲ್ಲ. ಆ ಸೀಳಿಗೆ ದಾರ ಸಿಕ್ಕಿಸಿ ಪಟ್ಟೆಂದು ಹರಿಯುತ್ತಿದ್ದರು. ಕತ್ತರಿ ಪಕ್ಕದಲ್ಲೇ ಬಿದ್ದಿರುತ್ತಿತ್ತು, ಅದನ್ನು ಎತ್ತಿಕೊಳ್ಳುವ ಗೋಜಿಗೆ ಹೋಗುತ್ತಿರಲಿಲ್ಲ.

ಅಂಗಡಿ ಇದ್ದದ್ದು ಹನುಮಂತನಗರದ ಗುಡ್ಡದ ಕೆಳಗೆ, ರಸ್ತೆಯಿಂದ ಎರಡು ಮೆಟ್ಟಿಲು ಇಳಿದು ಹೋಗುವ ಜಾಗದಲ್ಲಿ. ವಯಸ್ಸಿನಲ್ಲಿ ಮಿಲಿಟರಿ ಕ್ಯಾಂಪುಗಳಲ್ಲಿ ದರ್ಜಿಯಾಗಿದ್ದು, ಆಮೇಲೆ ಊರಿಗೆ ಬಂದು ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದರು. ಹೊಟ್ಟೆಪಾಡು ಅದು. ಪ್ರೀತಿ ಮಾತ್ರ ಹಿಂದಿನ ಗೋಡೆಯ ಮೇಲೆ ತೂಗುತ್ತಿತ್ತು: ಗುಜರಿಯವರು ತಂದುಕೊಡುತ್ತಿದ್ದ ಹಳೆಯ ಫೀಲ್ಡ್ ಜಾಕೆಟ್‌ಗಳು. ನಾಲ್ಕು ಜೇಬಿನ, ದಪ್ಪ ಬಟ್ಟೆಯ, ಬಿಸಿಲಿಗೆ ಹಸಿರು ಕಳೆದುಕೊಂಡ ಜಾಕೆಟ್‌ಗಳು. ಈಗಿನ ಸೈನಿಕರು ತೊಡುವ ಬಟ್ಟೆ ಯಾರಾದರೂ ತಂದರೆ ಮೆಟ್ಟಿಲು ಇಳಿಯಲೂ ಬಿಡುತ್ತಿರಲಿಲ್ಲ.

ನಾನು ಜಯನಗರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಹಳೇ ಮಿಲಿಟರಿ ಜಾಕೆಟ್ ಕೂಡಿಡುವ ಹುಚ್ಚು ಹೇಗೆ ಹತ್ತಿತು ಎಂದು ಮನೆಯವರು ಈಗಲೂ ಕೇಳುತ್ತಾರೆ, ನನಗೇ ಗೊತ್ತಿಲ್ಲ. ಮೊದಲ ಸಲ ಅವರ ಅಂಗಡಿಗೆ ಹೋದಾಗ ಆನ್‌ಲೈನಿನಲ್ಲಿ ತರಿಸಿದ ಒಂದನ್ನು ತೊಟ್ಟುಕೊಂಡೇ ಹೋಗಿದ್ದೆ. ಐವತ್ತು ವರ್ಷ ಹಳೆಯದು, ಅಪ್ಪಟ ಹತ್ತಿ ಎಂದು ಜಂಬ ಕೊಚ್ಚಿದೆ. ಅವರು ಅಂಚಿನಿಂದ ಒಂದು ಎಳೆ ಎಳೆದು ಬೆಂಕಿಕಡ್ಡಿ ಗೀರಿದರು. ಎಳೆ ಉರಿಯಲಿಲ್ಲ, ಕರಗಿ ಕಪ್ಪು ಮಣಿಯಾಯಿತು.

"ಪ್ಲಾಸ್ಟಿಕ್ಕು ಮೇಡಂ. ನಿಮ್ ಅರ್ಧ ವಯಸ್ಸೂ ಆಗಿಲ್ಲ ಇದಕ್ಕೆ" ಎಂದರು.

ರಸಾಯನಶಾಸ್ತ್ರದವಳಿಗೆ ಇದಕ್ಕಿಂತ ಮುಖಭಂಗ ಬೇಕೆ? ಸಿಟ್ಟಿನಲ್ಲಿ ಎದ್ದು ಬಂದೆ. ಮುಂದಿನ ಶನಿವಾರ ಮತ್ತೆ ಹೋದೆ. ಹಾಗೆ ಆರು ವರ್ಷ ಹೋದೆ. ನಾನು ಅವರನ್ನು ಮಾಸ್ಟ್ರು ಎನ್ನುತ್ತಿದ್ದೆ. ಮೊದಲ ವರ್ಷ ನಾನು ಅವರಿಗೆ 'ಮೇಡಂ', ಆಮೇಲೆ 'ಏನಮ್ಮ'. ನೋಡುವುದನ್ನು ಅವರೇ ಕಲಿಸಿದರು. ಕಾಲರ್ ಮೂಸುವುದು, ಜೇಬಿನ ಮೂಲೆಯ ಧೂಳನ್ನು ಬೆರಳಲ್ಲಿ ಉಜ್ಜುವುದು, ಹೊಲಿಗೆಯನ್ನು ಹಿಂಬದಿಯಿಂದ ಓದುವುದು. "ಮೊದ್ಲು ಮೂಗು, ಆಮೇಲೆ ಕಣ್ಣು. ಕಣ್ಣಿಗೆ ಆಸೆ ಜಾಸ್ತಿ" ಎನ್ನುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿನ ತನಕ ಬಂದಿದ್ದರೂ ತಲೆ ಎತ್ತದೆ ಕೆಲಸ ಮಾಡುವ ಮನುಷ್ಯ.

ಅವರದೊಂದು ಕಟ್ಟಳೆ ಇತ್ತು. ಕೆಲವು ಜಾಕೆಟ್‌ಗಳ ಕಾಲರಿನ ಒಳಗೆ ಸೈನಿಕ ತನ್ನ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಅಳಿಯದ ಮಸಿಯಲ್ಲಿ ಬರೆದುಕೊಂಡಿರುತ್ತಾನೆ. ಅಂಥದ್ದು ಬಂದರೆ ಒಂದು ವರ್ಷ ಮಾರುವಂತಿಲ್ಲ. ಒಂದು ಶಿವರಾತ್ರಿಯಿಂದ ಇನ್ನೊಂದು ಶಿವರಾತ್ರಿಯ ತನಕ ಅಂಗಡಿಯ ಬಾಗಿಲಲ್ಲಿ, ರಸ್ತೆಗೆ ಕಾಣುವಂತೆ ನೇತುಹಾಕುತ್ತಿದ್ದರು.

"ಮನೆ ಖಾಲಿ ಮಾಡೋ ಗಡಿಬಿಡೀಲಿ ಟ್ರಂಕ್ ಗುಜರಿಗೆ ಹಾಕ್ಬಿಡ್ತಾರೆ ಕಣಮ್ಮ. ಏನ್ ಹಾಕ್ದೆ ಅಂತ ಹೊಳೆಯಕ್ಕೆ ಒಂದು ವರ್ಷನಾದ್ರೂ ಬೇಕು" ಎನ್ನುವುದು ಅವರ ಲೆಕ್ಕಾಚಾರ. ಹಾಗೆ ಹೊಳೆದು ಓಡಿಬಂದವರನ್ನು ನಾನೇ ಎರಡು ಸಲ ನೋಡಿದ್ದೆ.

ಆ ಕಟ್ಟಳೆಯನ್ನು ಮುರಿಸಿದವಳು ನಾನು. ಕಳೆದ ವರ್ಷ ಬಾಗಿಲಲ್ಲಿ ಒಂದು ಜಾಕೆಟ್ ನೋಡಿದೆ. ಅಷ್ಟು ಚೆನ್ನಾಗಿ ಉಳಿದಿದ್ದನ್ನು ನಾನು ಕೈಯಲ್ಲಿ ಹಿಡಿದೇ ಇರಲಿಲ್ಲ. ಕಾಲರಿನಲ್ಲಿ ಅಂಕಿ ಇತ್ತು, ತೂಗುಹಾಕಿ ಮೂರು ತಿಂಗಳಷ್ಟೇ ಆಗಿತ್ತು. ಜೆಪಿ ನಗರದಲ್ಲಿ ಒಬ್ಬರ ಮನೆಯಲ್ಲಿ ನಮ್ಮಂಥ ಹುಚ್ಚರು ಕೂಡಿ ತಮ್ಮ ತಮ್ಮ ಜಾಕೆಟ್ ತೋರಿಸುವ ಭಾನುವಾರ ಹತ್ತಿರ ಬಂದಿತ್ತು. ಬಿಡದೆ ಬೆನ್ನು ಹತ್ತಿದೆ. ಯಾರಾದರೂ ಕೇಳಿ ಬಂದರೆ ಆ ಕ್ಷಣವೇ ವಾಪಸ್ ಕೊಡುತ್ತೇನೆ ಎಂದೆ. ಅವರು ಒಂದು ಶನಿವಾರ ಸುಸ್ತಾಗಿ ಇಳಿಸಿಕೊಟ್ಟರು.

"ಏನೂ ಬಿಚ್ಬೇಡ. ಬಿಚ್ಚೋದಿದ್ರೆ ನನ್ ಹತ್ರ ತಗೊಂಡ್ ಬಾ" ಎಂದಷ್ಟೇ ಹೇಳಿದರು.

ಎಡ ಮೊಣಕೈಯ ಒಳಗಡೆ ಒಂದು ತೇಪೆ ಇತ್ತು. ನೀಲಿ ಚೌಕಳಿ ಲುಂಗಿಯ ತುಂಡು, ಅಡ್ಡಾದಿಡ್ಡಿ ಹೊಲಿಗೆ. ಜಾಕೆಟ್ ಕೂಡಿಡುವವರು ಸಾಮಾನ್ಯವಾಗಿ ಮಾಡುವ ತಪ್ಪನ್ನೇ ನಾನೂ ಮಾಡಿದೆ: ಅದನ್ನು 'ಒರಿಜಿನಲ್' ಮಾಡಲು ಹೊರಟೆ. ಬ್ಲೇಡಿನಿಂದ ತೇಪೆ ಬಿಚ್ಚಿದೆ. ಅಡಿಯಲ್ಲಿದ್ದ ಹರುಕನ್ನು ಮಾಸ್ಟ್ರಿಗೆ ಹೇಳದೆ ಜಯನಗರದ ಬೇರೊಬ್ಬ ಟೈಲರ್ ಹತ್ತಿರ ಹಸಿರು ದಾರದಲ್ಲಿ ರಫೂ ಮಾಡಿಸಿದೆ. ಭಾನುವಾರ ಎಲ್ಲರೂ ಮುಟ್ಟಿ ಮುಟ್ಟಿ ಹೊಗಳಿದರು. ನಾನು ಹಿಗ್ಗಿ ಹೀರೇಕಾಯಿ ಆದೆ.

ಇನ್ನೊಂದು ತಿಂಗಳಿಗೆ ಮಾಸ್ಟ್ರ ಫೋನ್ ಬಂತು. "ಆ ಜಾಕೆಟ್ ಕೇಳ್ಕೊಂಡ್ ಬಂದಿದ್ರಮ್ಮ, ಗುಜರಿಯವ್ನೇ ಕಳ್ಸಿದ್ದಂತೆ. ಅಂಜನಾಪುರದ ಕಡೆಯೋರು. ನಾಡಿದ್ದು ಮಧ್ಯಾಹ್ನ ತಾಯೀನ ಕರ್ಕೊಂಡು ಬರ್ತಾರೆ. ಆ ಯಮ್ಮಂಗೆ ಕಣ್ಣು ಕಾಣ್ಸಲ್ವಂತೆ, ಎಡ್ಗೈ ತೇಪೆ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ ಅಂದ್ರಂತೆ."

ಆ ತುಂಡನ್ನು ಎಲ್ಲಿ ಹಾಕಿದ್ದೆ ಎನ್ನುವುದೇ ನೆನಪಾಗಲಿಲ್ಲ. ಕಸಕ್ಕೆ ಹಾಕಿದ್ದರೆ ಕಥೆ ಮುಗಿಯಿತು. ಅಡುಗೆಮನೆಯ ಬಟ್ಟೆ ಬುಟ್ಟಿ, ಹೊಲಿಗೆ ಡಬ್ಬ, ಮಂಚದ ಕೆಳಗೆ, ಎಲ್ಲ ಕೆದಕಿದೆ. ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಮತ್ತೆ ಹುಡುಕಿದೆ. ಕೊನೆಗೆ ನಮ್ಮೆಜಮಾನರ ಸ್ಕೂಟರ್ ಸೀಟಿನ ಕೆಳಗೆ ಸಿಕ್ಕಿತು, ಆಯಿಲ್ ಒರೆಸಿ ಒರೆಸಿ ಕಪ್ಪಗಾಗಿತ್ತು. ಅವರ ಮೇಲೆ ರೇಗಾಡಿದೆ. ಪಾಪ, ಅವರದೇನು ತಪ್ಪು. ಸೋಪು ಹಚ್ಚಿ ಮೂರು ಸಲ ಒಗೆದೆ; ಒಗೆದಷ್ಟೂ ನೀಲಿ ಬಿಡುತ್ತಾ ಹೋಯಿತು.

ಆ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿದ್ದೆ. ಜಾಕೆಟ್ ಮತ್ತು ತುಂಡು ಎರಡನ್ನೂ ಮೇಜಿನ ಮೇಲಿಟ್ಟೆ. ಅವರು ತೋಳನ್ನು ತಿರುವಿ ಒಳಗಡೆ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಈ ರಫೂ ಯಾರ್ ಕೈದು?" ಎಂದು ಮಾತ್ರ ಕೇಳಿದರು. ಹೇಳಿದೆ. ತಲೆಯಾಡಿಸಿ, ಕನ್ನಡಕ ಹಾಕಿಕೊಂಡು, ಜಾಕೆಟ್ ತೊಡೆಯ ಮೇಲೆಳೆದುಕೊಂಡರು.

ಮೂರು ಗಂಟೆ ಹಿಡಿಯಿತು. ಬಟ್ಟೆಯಲ್ಲಿ ಹಳೆಯ ಸೂಜಿಯ ತೂತುಗಳು ಇನ್ನೂ ಉಳಿದಿದ್ದವು. ಒಂದೊಂದನ್ನೂ ಬೆಳಕಿಗೆ ಹಿಡಿದು ಹುಡುಕಿ, ಅದೇ ತೂತಿನಲ್ಲೇ ಸೂಜಿ ಇಳಿಸಿದರು. ನೇರ ಹೊಲಿದು ಅಭ್ಯಾಸವಾದ ಕೈ ಬೇಕೆಂದೇ ಅಡ್ಡಾದಿಡ್ಡಿ ಹೊಲಿಯಲು ಪರದಾಡುತ್ತಿತ್ತು. ಎರಡು ಸಲ ಬಿಚ್ಚಿ ಮತ್ತೆ ಹಾಕಿದರು. ನಾನು ಗಡಿಯಾರ ನೋಡುತ್ತಾ ಕೂತಿದ್ದೆ.

"ಗೊತ್ತಾಗಲ್ಲ ಅಲ್ವಾ ಮಾಸ್ಟ್ರೆ?" ಎಂದೆ.

"ಮುಚ್ಚಿಡಕ್ಕೆ ಹೊಲೀತಿಲ್ಲ ನಾನು. ಆ ಯಮ್ಮನ ಕೈಗೆ ಬರೀ ತೋಳು ಕೊಡಕ್ಕಾಗಲ್ಲ ಅಂತ ಹೊಲೀತಿದೀನಿ. ಅವ್ರು ಬಂದ್ಮೇಲೆ ಹಿಂಗಾಯ್ತು ಅಂತ ನೀನೇ ಹೇಳ್ಬಿಡು."

"ಹೇಳ್ತೀನಿ" ಎಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ.

ಮಗಳ ಕೈ ಹಿಡಿದು ಆಕೆ ಮೆಟ್ಟಿಲು ಇಳಿದರು. ತೆಳ್ಳನೆಯ ಮೈ, ಬಿಗಿಯಾಗಿ ಕಟ್ಟಿದ ತುರುಬು. ಗಂಡ ಮಿಲಿಟರಿ ಬಿಟ್ಟ ಮೇಲೆ ಬ್ಯಾಂಕೊಂದರ ಬಾಗಿಲಲ್ಲಿ ಗಾರ್ಡ್ ಆಗಿದ್ದರಂತೆ. ಚಳಿಗಾಲದಲ್ಲಿ ಅದೇ ಜಾಕೆಟ್ ತೊಟ್ಟು ಹೋಗುತ್ತಿದ್ದರಂತೆ. ಹೊಸಕೆರೆಹಳ್ಳಿಯ ಬಾಡಿಗೆ ಮನೆ ಬಿಡುವಾಗ ಮಗಳು ತಿಳಿಯದೆ ಟ್ರಂಕ್ ಸಮೇತ ಗುಜರಿಗೆ ಹಾಕಿದ್ದಳು. ಆಕೆ ಸ್ಟೂಲಿನ ಮೇಲೆ ಕೂತು, ಜಾಕೆಟ್ ಮಡಿಲಿಗೆ ಬಂದ ಕೂಡಲೇ ಕಾಲರ್ ಮೂಸಿದರು. ಮುಖ ಅರಳಿತು. ಆಮೇಲೆ ಎಡ ತೋಳಿನೊಳಗೆ ಕೈ ಹಾಕಿದರು.

"ರಜ ಮುಗ್ಸಿ ಹೊರಟಿದ್ರು. ರೈಲಿಗೆ ಹೊತ್ತಾಗಿತ್ತು, ಕೂತ್ಕೊಂಡು ಹೊಲಿಯಕ್ಕೂ ಬಿಡ್ಲಿಲ್ಲ" ಎನ್ನುತ್ತಲೇ ಬೆರಳು ತೇಪೆಯ ಅಂಚಿನ ಮೇಲೆ ಹೋಯಿತು. ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂದು ಮೂಲೆಯಲ್ಲಿ ನಿಂತಿತು.

"ಬಟ್ಟೆ ನಂದೇ. ಹೊಲ್ಗೆ ನಂದಲ್ಲ. ನಾನು ಇಲ್ಲಿ ಗಂಟು ಹಾಕಿದ್ದೆ, ದಪ್ಪ ಗಂಟು. ಯಾರು ಬಿಚ್ಚಿದ್ದು ಇದನ್ನ?"

ಮಾಸ್ಟ್ರು ನನ್ನ ಕಡೆ ನೋಡಿದರು. ನಾನು ಹೇಳಬೇಕಿತ್ತು. ಎರಡು ಮಾತು ಸಾಕಿತ್ತು. ದಿನಾ ನೂರು ಮಕ್ಕಳ ಮುಂದೆ ಮಾತಾಡುವ ಬಾಯಿ ಅದು, ಅಲ್ಲಾಡಲಿಲ್ಲ. ಅವರು ಕಾದರು. ಮಿಷನ್ನಿನ ಮೇಲಿದ್ದ ಕೈಯನ್ನು ನಿಧಾನವಾಗಿ ಕೆಳಗಿಳಿಸಿ, ಇನ್ನಷ್ಟು ಕಾದರು. ನಾನು ನೆಲ ನೋಡಿದೆ.

"ನಾನೇ ಬಿಚ್ಚಿದ್ದು ತಾಯಿ. ತಪ್ಪಾಯ್ತು" ಎಂದರು.

ಆಕೆ ದನಿ ಎತ್ತಲಿಲ್ಲ. "ಇಷ್ಟು ವರ್ಷ ಸೂಜಿ ಹಿಡ್ದಿದೀರ. ಹೆಂಡ್ತಿ ಕೈ ಹೊಲ್ಗೆ ಅಂತ ತಿಳೀಲಿಲ್ವಾ ನಿಮ್ಗೆ? ನಿಮ್ಮಂಥೋರ ಕೈಗೆ ಹಳೇ ಬಟ್ಟೆ ಸಿಗ್ಬಾರ್ದು" ಎಂದು ಜಾಕೆಟ್ ಮಡಚಿ ಎದೆಗೆ ಅವಚಿಕೊಂಡು ಎದ್ದರು. ಮಾಸ್ಟ್ರು ಕೈಮುಗಿದದ್ದು ಆಕೆಗೆ ಕಾಣುವಂತಿರಲಿಲ್ಲ.

ಹೋದ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದು ಅಳುತ್ತಾ ಕೇಳಿದೆ. "ವರ್ಷ ತುಂಬೋ ಮುಂಚೆ ಇಳ್ಸಿ ಕೊಟ್ಟೋನು ನಾನೇ ಅಲ್ವೇನಮ್ಮ. ನೀನು ಕೇಳ್ದೆ, ನಾನು ಕೊಟ್ಟೆ. ಹೋಗು, ಮನೆಗೆ ಲೇಟಾಗುತ್ತೆ" ಎಂದು ಯೂನಿಫಾರಂ ಬಟ್ಟೆ ಎಳೆದುಕೊಂಡರು. ಆಮೇಲೂ ನಾನು ಶನಿವಾರ ಹೋಗುತ್ತಿದ್ದೆ. ಅವರು ಆ ಮಾತು ಎತ್ತಲಿಲ್ಲ. ಆದರೆ ಗೋಡೆಯ ಜಾಕೆಟ್‌ಗಳನ್ನು ಒಂದೊಂದಾಗಿ ಬೇರೆಯವರಿಗೆ ಕೊಡುತ್ತಾ ಬಂದರು. ಹೊಸದನ್ನು ಗುಜರಿಯವರು ತಂದರೆ ಬೇಡ ಎಂದು ವಾಪಸ್ ಕಳಿಸಿದರು. ಆ ತಾಯಿ ಅಂದದ್ದನ್ನು ಅವರು ನಿಜವೆಂದೇ ತೆಗೆದುಕೊಂಡಿದ್ದರು ಎಂದು ನನಗೆ ಆಗ ಅರ್ಥವಾಯಿತು. ಅಂಜನಾಪುರಕ್ಕೆ ಹೋಗಿ ಹೇಳಿಬರಬೇಕು ಎಂದು ಪ್ರತಿ ವಾರ ಅಂದುಕೊಂಡೆ. ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ನೆಪಗಳಿಗೇನು ಬರ.

ಈ ಬೇಸಿಗೆಯಲ್ಲಿ, ಸ್ಕೂಲು ಶುರುವಾಗುವ ಮುಂಚಿನ ಕೆಲಸದ ಒತ್ತಡದಲ್ಲೇ, ಅವರು ಮಿಷನ್ನಿನ ಮುಂದೆ ಕುಸಿದು ಬಿದ್ದು ತೀರಿಹೋದರು. ಹನ್ನೊಂದನೇ ದಿನ ನಾನು ಮಗಳ ನಂಬರ್ ಹುಡುಕಿಕೊಂಡು ಅಂಜನಾಪುರಕ್ಕೆ ಹೋದೆ. ಆಕೆ ಹಜಾರದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಇಂಥವಳು, ಆವತ್ತು ಅಂಗಡಿಯಲ್ಲಿದ್ದೆ, ತೇಪೆ ಬಿಚ್ಚಿದ್ದು ನಾನು, ಮಾಸ್ಟ್ರಲ್ಲ ಎಂದೆ. ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆಕೆಯ ಕೈ ನಿಂತಿತು. "ಅವ್ರು ಹೆಂಗಿದಾರೆ ಈಗ?" ಎಂದರು.

ಹೇಳಿದೆ.

ಮಡಿಲಲ್ಲಿದ್ದ ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಒಂದು ತಿಂಗಳ ಹಿಂದೆ ಬಂದಿದ್ರೆ ನಾನು ಹೋಗಿ ಅವ್ರ ಕೈ ಹಿಡ್ಕೊಂಡು ಬರ್ತಿದ್ನಲ್ಲಮ್ಮ. ಅವತ್ತು ಅಂಥ ಮಾತಂದೆ. ಈಗ ಅದನ್ನ ಯಾರತ್ರ ವಾಪಸ್ ತಗೊಳ್ಲಿ ನಾನು?"