ಇನ್ನೊಂದು ಕಡೆ ತೋರಿಸು ಎಂದ ಅಜ್ಜಿ

ಹೋದ ವಾರ ಯಶವಂತಪುರದಲ್ಲಿ ಮೆಟ್ರೋ ಹತ್ತಿ ನಾಗಸಂದ್ರದ ಕಡೆಗೆ ಹೊರಟಿದ್ದೆ. ಅಲ್ಲಿನ ಶಾಲೆಯೊಂದರಲ್ಲಿ ಮಕ್ಕಳ ಚಿತ್ರಸ್ಪರ್ಧೆಗೆ ತೀರ್ಪು ಕೊಡಬೇಕಿತ್ತು. ಕೂರಲು ಜಾಗವಿರಲಿಲ್ಲ. ಕಂಬ ಹಿಡಿದು ನಿಂತಿದ್ದಾಗ ಇದ್ದಕ್ಕಿದ್ದಂತೆ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಮುಂದೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರ ತಲೆಯಿಂದ ಬರುತ್ತಿದ್ದ ವಾಸನೆ ಅದು. ಈಗ ಯಾರು ತಲೆಗೆ ಹರಳೆಣ್ಣೆ ಹಚ್ಚುತ್ತಾರೆ? ಆ ಜಿಡ್ಡು, ಆ ಘಾಟು… ಪೀಣ್ಯ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ.

ಎಂಟು ವರ್ಷಗಳ ಹಿಂದೆ ನಾನು ಶೆಟ್ಟಿಹಳ್ಳಿಯಲ್ಲಿ ಒಂದು ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದೆ. ಹತ್ತಿರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಒಬ್ಬಳೇ ಇದ್ದೆ. ಮೇಲಿನ ಮನೆಯಲ್ಲಿ ಓನರ್ ಅಜ್ಜಿ, ಅವರ ಮಗ, ಸೊಸೆ. ಊರು ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದವರು. ಸುತ್ತ ಲೇಔಟ್ ಆಗಿ, ಹೊಲವೆಲ್ಲ ಸೈಟುಗಳಾಗಿ ಹೋದರೂ ಅಜ್ಜಿ ಹಿತ್ತಲಿನಲ್ಲಿ ಎರಡು ಹಸು ಉಳಿಸಿಕೊಂಡಿದ್ದರು. ಮೊದಲ ವರ್ಷವೆಲ್ಲ ನಮ್ಮಿಬ್ಬರ ನಡುವೆ ಹಾಲಿನ ಪಾತ್ರೆ ಕೊಟ್ಟು ತೆಗೆದುಕೊಳ್ಳುವುದರ ಹೊರತು ಹೆಚ್ಚಿನ ಮಾತಿರಲಿಲ್ಲ.

ಒಂದು ದಿನ ಶಾಲೆಯ ಗೋಡೆಯ ಮೇಲೆ ಹಕ್ಕಿಗಳ ಚಿತ್ರ ಬಿಡಿಸುತ್ತಿದ್ದೆ. ನಿಂತಿದ್ದ ಬೆಂಚಿನ ಕಾಲು ಜಾರಿತು. ಬಲಭುಜದ ಮೇಲೆ ಬಿದ್ದೆ. ಕಾಲರ್ ಬೋನ್ ಮುರಿದಿತ್ತು. ಹತ್ತಿರದ ಆಸ್ಪತ್ರೆಯ ಡಾಕ್ಟರು ಕೈಗೆ ಜೋಳಿಗೆ ಕಟ್ಟಿ, "ಆರು ವಾರ ಅಲ್ಲಾಡಿಸ್ಬೇಡಿ, ತಾನಾಗೇ ಕೂಡ್ಕೊಳ್ಳುತ್ತೆ" ಎಂದರು. ಅಮ್ಮ ಆಗ ಚಿತ್ರದುರ್ಗದಲ್ಲಿ ಅಣ್ಣನ ಮನೆಯಲ್ಲಿದ್ದಳು, ಅತ್ತಿಗೆಯ ಬಾಣಂತನಕ್ಕೆ. ಕೈ ಉಳುಕಿದೆ ಎಂದಷ್ಟೇ ಅವಳಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಹಾಲು ಕೊಡಲು ಬಂದ ಅಜ್ಜಿ ನನ್ನ ಕೆದರಿದ ತಲೆ ನೋಡಿ ಪಾತ್ರೆ ಕೆಳಗಿಟ್ಟರು. ಬಾಚಣಿಗೆ ಎಲ್ಲಿದೆ ಎಂದು ತಾವೇ ಹುಡುಕಿ ತಂದು, ಬಾಗಿಲ ಮೆಟ್ಟಿಲ ಮೇಲೆ ಕೂತು, ನನ್ನನ್ನು ಎರಡು ಮೆಟ್ಟಿಲು ಕೆಳಗೆ ಕೂರಿಸಿಕೊಂಡರು. ಅಂದಿನಿಂದ ದಿನವೂ ಅದೇ. ಅವರ ಅಂಗೈಯಲ್ಲಿ ಸದಾ ಹರಳೆಣ್ಣೆಯ ಜಿಡ್ಡು. ಜಡೆ ಹೆಣೆಯುವುದು, ರವಿಕೆಯ ಹುಕ್ಕು ಹಾಕುವುದು, ಜೋಳಿಗೆಯನ್ನು ಸರಿ ಕಟ್ಟುವುದು, ಎಲ್ಲ ಅವರೇ. ಮೊದಮೊದಲು ನಾಚಿಕೆಯಿಂದ ಮೈ ಬಿಗಿ ಹಿಡಿಯುತ್ತಿದ್ದೆ. "ಅಸಿನ ಮೈ ತೊಳ್ಯೋಳು ನಾನು, ನಂತಾವ ಏನವ್ವ ನಾಚ್ಕೆ?" ಎಂದು ಗದರಿದರು. ಆಮೇಲೆ ನಾಚಿಕೆ ಹೋಯಿತು. ಎಷ್ಟು ಹೋಯಿತೆಂದರೆ, ಬೆಳಗಿನ ಆ ಅರ್ಧ ಗಂಟೆಗಾಗಿ ನಾನು ಕಾಯತೊಡಗಿದೆ.

ಆರು ವಾರ ಕಳೆಯಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಕೂಡ್ತಾ ಇದೆ, ಜೋಳಿಗೆ ಬಿಚ್ಚಿ, ನಿಧಾನಕ್ಕೆ ಕೆಲಸ ಶುರು ಮಾಡಿ" ಎಂದರು. ನಾನೂ ಅದನ್ನೇ ಕೇಳಬೇಕೆಂದು ಹೋಗಿದ್ದವಳು. ಸಂತೋಷದಿಂದ ಬಂದೆ. ಆದರೆ ಬೋರ್ಡಿನ ಮೇಲ್ಭಾಗದಲ್ಲಿ ಒಂದು ಗೆರೆ ಎಳೆಯಲು ಆಗುತ್ತಿರಲಿಲ್ಲ. ಕೈ ಎತ್ತಿದರೆ ಒಳಗೆ ಏನೋ ಕಿಟಕ್ಕೆನ್ನುತ್ತಿತ್ತು. ಸ್ವಲ್ಪ ದಿನ ಹಾಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎಡಗೈಯಲ್ಲಿ ಬರೆಯಲು ಅಭ್ಯಾಸ ಮಾಡುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ.

ಮೂರು ತಿಂಗಳಾಗುತ್ತ ಬಂದಿತ್ತು. ಒಂದು ಬೆಳಿಗ್ಗೆ ಜಡೆ ಹಾಕುತ್ತಿದ್ದ ಅಜ್ಜಿ ನನ್ನ ಭುಜದ ಮೇಲೆ ಬೆರಳಿಟ್ಟು, "ಕೈ ಎತ್ತು" ಎಂದರು. ಎತ್ತಿದೆ. ಅವರ ಬೆರಳಿನ ಕೆಳಗೇ ಮೂಳೆ ಕಿಟಕ್ಕೆಂದಿತು.

"ಇದು ಕೂಡಿಲ್ಲ ಕಣವ್ವ. ಇನ್ನೊಂದ್ ಕಡೆ ತೋರ್ಸು."

ಡಾಕ್ಟರು ಕೂಡಿದೆ ಅಂದಿದ್ದಾರೆ ಎಂದೆ. ಆಪರೇಶನ್ ಎನ್ನುತ್ತಾರೇನೋ ಎಂಬ ಭಯ ನನಗೆ. ಅಜ್ಜಿ ಬಿಡಲಿಲ್ಲ. "ಒಂದ್ ಅಸ ಕೊಳ್ಳೋಕೇ ನಾಕ್ ಜನನ್ನ ಕೇಳ್ತೀವಿ. ಬಾಯಿ ಬುಡ್ಸಿ ನೋಡ್ತೀವಿ, ನಡೆಸಿ ನೋಡ್ತೀವಿ. ನಿನ್ ಮೂಳೆಗೆ ಒಬ್ಬನ ಮಾತೇ ಸಾಕಾ?" ಎಂದರು. ನಾನು ಸಿಟ್ಟಾದೆ. ನಿಮಗೇನು ಗೊತ್ತು ಅಜ್ಜಿ, ನೀವೇನು ಓದಿದ್ದೀರಾ ಎಂದುಬಿಟ್ಟೆ. ಅವರು ಜಡೆಯನ್ನು ಕೊನೆಯವರೆಗೂ ಹೆಣೆದು, ರಬ್ಬರ್ ಹಾಕಿ, ಎದ್ದುಹೋದರು.

ಮರುದಿನ ಬರುವುದಿಲ್ಲ ಎಂದುಕೊಂಡೆ. ಬಂದರು. ಒಳ್ಳೆಯ ಸೀರೆಯುಟ್ಟು, ಕೈಯಲ್ಲಿ ಬ್ಯಾಗು ಹಿಡಿದಿದ್ದರು. ಹೆಬ್ಬಾಳದ ಹತ್ತಿರ ಮೂಳೆ ಡಾಕ್ಟರಮ್ಮ ಒಬ್ಬರಿದ್ದಾರೆಂದು ಸೊಸೆಯಿಂದ ಫೋನ್ ಮಾಡಿಸಿ ಸಮಯ ಕೇಳಿಟ್ಟಿದ್ದರು. "ಒಂಡು, ಬಸ್ ಒಂಟೋಯ್ತದೆ" ಎಂದರಷ್ಟೇ.

ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತು ನಿಂತು ಹೋಗುತ್ತಿತ್ತು. ಅಜ್ಜಿ ಕಿಟಕಿಯಿಂದಾಚೆ ನೋಡುತ್ತ, ಯಾರಿಗೋ ಹೇಳುವವರಂತೆ ಹೇಳಿದರು. ಮದುವೆಯಾದ ಹೊಸತರಲ್ಲಿ ಹುಲ್ಲಿನ ಮೆದೆಯ ಮೇಲಿಂದ ಬಿದ್ದಿದ್ದರಂತೆ. ಎಡಭುಜ. ಅತ್ತೆ ಅರಿಶಿನ ಪಟ್ಟು ಹಾಕಿ, ಮೂರನೇ ದಿನ ಹೊಲದ ನಾಟಿ ಕೆಲಸಕ್ಕೆ ಕಳಿಸಿದರಂತೆ. ಅವತ್ತಿನಿಂದ ಎಡಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಮೂರು ತಿಂಗಳು ನನ್ನ ತಲೆ ಬಾಚಿದ ಕೈ ಅದು! ನನ್ನನ್ನು ಎರಡು ಮೆಟ್ಟಿಲು ಕೆಳಗೆ ಕೂರಿಸಿಕೊಳ್ಳುತ್ತಿದ್ದುದು ಯಾಕೆಂದು ಆಗ ಗೊತ್ತಾಯಿತು. "ಓದಿಲ್ಲ ನಾನು. ಆದ್ರೆ ಇದೊಂದು ಗೊತ್ತು" ಎಂದು ನಕ್ಕರು. ಹಿಂದಿನ ದಿನದ ನನ್ನ ಮಾತಿಗೆ ಅವರು ಕೊಟ್ಟ ಉತ್ತರ ಅಷ್ಟೇ.

ಡಾಕ್ಟರಮ್ಮ ಹೊಸ ಎಕ್ಸ್‌ರೇ ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. ಮೊದಲಿನ ಡಾಕ್ಟರನ್ನು ದೂರಲಿಲ್ಲ. ಸಾಮಾನ್ಯವಾಗಿ ತಾನಾಗಿಯೇ ಕೂಡುತ್ತದೆ, ನಿಮ್ಮದು ಕೂಡಿಲ್ಲ, ತುದಿಗಳೆರಡೂ ದೂರ ಸರಿದಿವೆ ಎಂದರು. ಪ್ಲೇಟು ಹಾಕಬೇಕು, ಸೊಂಟದ ಮೂಳೆಯಿಂದ ಚೂರು ತೆಗೆದು ಅಲ್ಲಿ ತುಂಬಬೇಕು. "ಇನ್ನೂ ಬಿಟ್ಟಿದ್ರೆ ಕಷ್ಟ ಆಗೋದು. ಸರಿಯಾದ ಟೈಮ್‌ಗೆ ಬಂದ್ರಿ." ನನಗೆ ಅಳು ಬಂತು. ಅಜ್ಜಿ ಮಾತ್ರ, "ಸೊಂಟದ್ದ ತೆಗ್ದು ಭುಜಕ್ ಆಕ್ತಾರಾ? ಸೀರೆ ಸೆರಗು ಇದ್ದಂಗೆ ಆಯ್ತು ಬುಡು" ಎಂದರು. ಡಾಕ್ಟರಮ್ಮನೂ ನಕ್ಕರು, ನಾನೂ ಅಳುತ್ತಲೇ ನಕ್ಕೆ.

ಹೊರಡುವಾಗ ಅಜ್ಜಿ ಬಾಗಿಲ ಬಳಿ ತಡೆದು ನಿಂತರು. ಸೆರಗು ಸರಿಸಿ ಎಡಭುಜ ತೋರಿಸಿ, "ನಂದೂ ಒಂದ್ಸಲ ನೋಡವ್ವ" ಎಂದರು. ಮಗುವಿನ ಹಾಗೆ ಕೇಳಿದರು. ಡಾಕ್ಟರಮ್ಮ ಅವರ ಕೈಯನ್ನು ಮೆಲ್ಲಗೆ ಎತ್ತಿ, ತಿರುಗಿಸಿ ನೋಡಿದರು. ಐವತ್ತು ವರ್ಷ ಹಳೆಯದು, ಈಗ ಕೈ ಹಾಕಿದರೆ ನೋವೇ ಹೆಚ್ಚು ಎಂದರು. ಅಜ್ಜಿ ತಲೆಯಾಡಿಸಿ ಸೆರಗು ಹೊದ್ದರು. "ಓಗ್ಲಿ. ಕೇಳ್ದೆ ಅಂತಾದ್ರೂ ಆಯ್ತು."

ಅಮ್ಮನಿಗೆ ಆಗಲೂ ನಿಜ ಹೇಳಿರಲಿಲ್ಲ. ಆಪರೇಶನ್ ದಿನ ಸಹಿ ಹಾಕಲು ನರ್ಸು ಸಂಬಂಧಿಕರನ್ನು ಕೇಳಿದಳು. ಪೇಷೆಂಟಿಗೆ ನೀವು ಏನಾಗಬೇಕು ಎಂದದ್ದಕ್ಕೆ ಅಜ್ಜಿ ಒಂದು ಕ್ಷಣ ಯೋಚಿಸಿದರು. "ಅಜ್ಜಿ ಅಂತ ಬರ್ಕೊ" ಎಂದರು. ಸುಳ್ಳಲ್ಲ, ಇಡೀ ಬೀದಿ ಅವರನ್ನು ಹಾಗೇ ಕರೆಯುತ್ತಿತ್ತು. ಅವತ್ತು ಎಚ್ಚರವಾದಾಗ ಮಂಚದ ಪಕ್ಕದಲ್ಲಿ ಅವರು ಕೂತಲ್ಲೇ ತೂಕಡಿಸುತ್ತಿದ್ದರು. ಅವರ ಬಾಯಿ ಸ್ವಲ್ಪ ತೆರೆದಿತ್ತು…

ಮೂಳೆ ಈ ಸಲ ಕೂಡಿತು. ಕೈ ಮೇಲೆತ್ತುವುದನ್ನು ಮತ್ತೆ ಕಲಿಯಬೇಕಿತ್ತು. ಗೋಡೆಗೆ ಬೆರಳೂರಿ ದಿನವೂ ಸ್ವಲ್ಪ ಸ್ವಲ್ಪವೇ ಮೇಲೆ ನಡೆಸಬೇಕು. ಅಜ್ಜಿಯೂ ಪಕ್ಕದಲ್ಲಿ ನಿಂತು ತಮ್ಮ ಎಡಗೈ ಬೆರಳುಗಳನ್ನು ನಡೆಸುತ್ತಿದ್ದರು. ನಾನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ನನ್ನ ಗುರುತು ದಿನದಿನಕ್ಕೆ ಮೇಲೇರಿತು. ಅವರದು ಇದ್ದಲ್ಲೇ ಇತ್ತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಕೈ ಬಾಗಿಲ ಮೇಲ್ಪಟ್ಟಿ ಮುಟ್ಟಿದ ದಿನ ಸೊಸೆಯನ್ನು ಕೂಗಿ ಕರೆದು ತೋರಿಸಿದರು.

ಎರಡು ವರ್ಷದ ಬಳಿಕ ಮದುವೆಯಾಗಿ ತಣಿಸಂದ್ರಕ್ಕೆ ಬಂದೆ. ಹೋಗಿಬರುತ್ತೇನೆ ಎಂದಿದ್ದೆ. ಮೂರೋ ನಾಲ್ಕೋ ಸಲ ಹೋದೆ. ಆಮೇಲೆ ಮಗಳು ಹುಟ್ಟಿದಳು, ಶಾಲೆ ಬದಲಾಯಿತು… ಕಾರಣಗಳೆಲ್ಲ ನಿಜವೇ. ಹೋದ ವರ್ಷ ಅಜ್ಜಿ ತೀರಿಕೊಂಡ ಸುದ್ದಿ ಹತ್ತು ದಿನ ತಡವಾಗಿ ಬಂತು. ಸೊಸೆ ನನ್ನ ಹಳೆಯ ನಂಬರಿಗೆ ಫೋನ್ ಮಾಡುತ್ತಲೇ ಇದ್ದಳಂತೆ.

ತಿಥಿಯ ಊಟ ಮುಗಿದ ಮೇಲೆ ಸೊಸೆ ನನ್ನನ್ನು ಹಿತ್ತಲಿಗೆ ಕರೆದಳು. ಅಜ್ಜಿಗೆ ಐದಾರು ತಿಂಗಳಿಂದ ಹೊಟ್ಟೆನೋವಿತ್ತು. ಒಂದು ಕಡೆ ತೋರಿಸಿದರು. ಗ್ಯಾಸು ಎಂದು ಮಾತ್ರೆ ಕೊಟ್ಟರು. ಅಜ್ಜಿಯೂ ಸರಿ ಅಂದುಕೊಂಡರು. ಬೇರೆ ಏನೋ ಎಂದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಇನ್ನೊಂದ್ ಕಡೆ ತೋರಿಸ್ಬೇಕಿತ್ತು ಅಲ್ವಾ ಮಿಸ್?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಇಲ್ಲ, ನಿಮ್ ಕೈಲಾಗಿದ್ದು ನೀವು ಮಾಡಿದ್ರಿ" ಎಂದೆ. ಅವಳಿಗೆ ಸಮಾಧಾನವಾಯಿತು. ಇನ್ನೊಂದು ಕಡೆ ತೋರಿಸಿ ಎಂದು ಅಜ್ಜಿಗೆ ಹೇಳಬೇಕಾಗಿದ್ದವಳು ನಾನು. ಆ ಐದಾರು ತಿಂಗಳಲ್ಲಿ ಒಂದು ದಿನ ಹೋಗಿದ್ದರೂ ಹೇಳುತ್ತಿದ್ದೆ. ಅವರ ಹಾಗೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು ಬಿಡುತ್ತಿದ್ದೆ… ಹೋಗಲಿಲ್ಲ.

ಅವತ್ತು ನಾಗಸಂದ್ರದಿಂದ ಬಂದ ಮೇಲೆ ಸೊಸೆಗೆ ಫೋನ್ ಮಾಡಿದೆ. ಹಸುಗಳನ್ನು ಮಾರಿದರಂತೆ. ಕೆಳಗಿನ ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರಂತೆ. "ಒಂದ್ಸಲ ಬನ್ನಿ ಮಿಸ್, ಮಗೂನೂ ಕರ್ಕೊಂಡ್ ಬನ್ನಿ" ಎಂದಳು. ಬರುತ್ತೇನೆ ಎಂದೆ. ಹೋಗುವುದೇನೂ ಕಷ್ಟವಲ್ಲ, ಒಂದು ಗಂಟೆಯ ದಾರಿ. ಆದರೆ ಗೇಟು ಸದ್ದಾದಾಗ "ಯಾರವ್ವ ಅದು?" ಎಂದು ಒಳಗಿನಿಂದ ಕೇಳುತ್ತಿದ್ದ ದನಿ ಇನ್ನಿಲ್ಲ. ನಾನು ಇಂಥವಳು ಬಂದಿದ್ದೇನೆ ಎಂದು ಇನ್ನು ಯಾರಿಗೆ ಹೇಳಲಿ?