ಮೀನು ಮೇಷ್ಟ್ರ ಪಕ್ಕೆನೋವು

ಕಾಲೇಜಿನಲ್ಲಿ ಎದುರಿಗೆ ಸಾರ್, ಬೆನ್ನ ಹಿಂದೆ ಮೀನು ಮೇಷ್ಟ್ರು. ಪ್ರಾಣಿಶಾಸ್ತ್ರ ವಿಭಾಗದ ಹಿಂದಿನ ಕೋಣೆಯಲ್ಲಿ, ಗುಳುಗುಳು ಎನ್ನುವ ಗಾಜಿನ ತೊಟ್ಟಿಗಳ ನಡುವೆಯೇ ಅವರ ಕೂದಲು ಬೆಳ್ಳಗಾಗಿತ್ತು. ಮೀನಿಗೆ ನೋವಾಗುತ್ತದೆ ಎಂದು ತೋರಿಸಿಯೇ ತೀರಬೇಕೆಂಬುದು ಅವರು ಹಿಡಿದ ಹಟ. ಬೆರಳುದ್ದದ ಪಟ್ಟೆ ಮೀನಿನ ತುಟಿಗೆ ಸಣ್ಣ ಸೂಜಿಯಿಂದ ಒಂಚೂರು ಹುಳಿ ದ್ರಾವಣ ಚುಚ್ಚುವರು. ಅದು ಆಹಾರ ಬಿಟ್ಟು, ತಳ ಹಿಡಿದು, ತುಟಿಯನ್ನು ಕಲ್ಲಿಗೆ ಉಜ್ಜತೊಡಗುವುದು. ನೋವಿನ ಔಷಧಿ ಕೊಟ್ಟರೆ ಮತ್ತೆ ಮೇಲೆ ಬಂದು ಕಾಳಿಗೆ ಬಾಯಿ ಹಾಕುವುದು.

"ಸುಮ್ನೆ ಬೆಚ್ಚಿಬಿದ್ದಿದ್ದಾದ್ರೆ ಔಷಧಿಗೆ ಯಾಕ್ರೀ ಸರಿಹೋಗ್ಬೇಕು?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ಸಿಕ್ಕವರೆಲ್ಲ ಏನೋ ಕೆಲಸ ನೆನಪಾದಂತೆ ಜಾಗ ಖಾಲಿ ಮಾಡುತ್ತಿದ್ದರು.

ಅಂಥವರಿಗೆ ಒಂದು ಬೆಳಿಗ್ಗೆ ಪಕ್ಕೆಯಲ್ಲಿ ನೋವು ಕಾಣಿಸಿಕೊಂಡಿತು. ಗ್ಯಾಸ್ ಎಂದರು. ತಿಂಡಿ ಸೇರಲಿಲ್ಲ, ಅದಕ್ಕೂ ಗ್ಯಾಸೇ ಕಾರಣವಾಯಿತು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಜನರ ಮುಖ ಓದಿ ಪಳಗಿದ ಹೆಂಡತಿ ಒಂದೆರಡು ದಿನ ನೋಡಿದರು. ಆಮೇಲೆ ರಜೆ ಹಾಕಿ, ಗಂಡನ ತೋಳು ಹಿಡಿದು ಆಸ್ಪತ್ರೆಗೆ ಎಳೆದೊಯ್ದರು.

"ನೋವು ಎಷ್ಟಿದೆ ಸಾರ್? ಒಂದರಿಂದ ಹತ್ತರೊಳಗೆ ಒಂದು ನಂಬರ್ ಹೇಳಿ" ಎಂದರು ಡಾಕ್ಟರು.

"ಹತ್ತು ಅಂದ್ರೆ ಯಾರ ಹತ್ತು? ನಿಮ್ದೋ, ನಂದೋ? ಅಳತೆಗೋಲೇ ಇಲ್ದೆ ಅಂಕಿ ಕೊಟ್ರೆ ಅದು ವಿಜ್ಞಾನ ಆಗಲ್ಲ ಡಾಕ್ಟ್ರೇ."

ಬೆವರು ಹಣೆಯಿಂದ ಮೂಗಿನ ತುದಿಗೆ ಇಳಿದಿತ್ತು. ಮಾತಿನ ಧಾಟಿ ಮಾತ್ರ ತರಗತಿಯದೇ. ಇಷ್ಟು ವಾದ ಮಾಡುವವರಿಗೆ ಅಂಥ ನೋವೇನೂ ಇರಲಾರದೆಂದು ಡಾಕ್ಟರು ಗ್ಯಾಸಿನ ಮಾತ್ರೆ ಬರೆಯಹೊರಟರು. ಹೆಂಡತಿ ಚೀಟಿಯ ಮೇಲೆ ಕೈ ಇಟ್ಟರು.

"ಇವರನ್ನ ಕೇಳ್ಬೇಡಿ, ನನ್ನನ್ನ ಕೇಳಿ. ಮೊನ್ನೆಯಿಂದ ಊಟ ಮುಟ್ಟಿಲ್ಲ. ಮಾತಾಡ್ಸೋಕೆ ಹೋದ್ರೆ ಮೂಲೆ ಸೇರ್ತಾರೆ. ಬಾಗಿಲ ಚೌಕಟ್ಟಿಗೆ ಸೊಂಟ ಉಜ್ಜೀ ಉಜ್ಜೀ ಬಣ್ಣ ಕಿತ್ತುಬಂದಿದೆ."

ಡಾಕ್ಟರು ಸ್ಕ್ಯಾನಿಗೆ ಬರೆದರು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಇಂಜೆಕ್ಷನ್ ಬಿದ್ದ ಸ್ವಲ್ಪ ಹೊತ್ತಿಗೆ ಮೇಷ್ಟ್ರು ಎದ್ದು ಕೂತು, "ತಿನ್ನೋಕೆ ಏನಾದ್ರೂ ಇದೆಯೇನೇ?" ಎಂದರು.

"ಅಂತೂ ಮೇಲೆ ಬಂದ್ರಿ" ಎಂದು ಹೆಂಡತಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು.

ಮೇಷ್ಟ್ರಿಗೆ ನಗು ಬರಲಿಲ್ಲ. ಇಷ್ಟು ವರ್ಷ ತೊಟ್ಟಿಯ ಹೊರಗಿದ್ದವರಿಗೆ ಒಳಗಿನಿಂದ ನೋಡುವುದು ಅಷ್ಟೇನೂ ರುಚಿಸಲಿಲ್ಲ.

ಕಲ್ಲು ಹೊರಬಿದ್ದು ಅವರು ಕಾಲೇಜಿಗೆ ಮರಳಿದ ವಾರವೇ ಸಂಶೋಧನೆಗಳ ಪರಿಶೀಲನಾ ಸಮಿತಿ ಬಂತು. ಸಮಿತಿಯ ಅಧ್ಯಕ್ಷೆ ಮೇಷ್ಟ್ರ ವರದಿಯನ್ನು ಪೂರ್ತಿ ಓದಿಕೊಂಡು ಬಂದಿದ್ದರು. ಎಡವಟ್ಟಾದದ್ದೇ ಅಲ್ಲಿ.

"ನೀವು ಬರೆದಿರೋದನ್ನ ಪೂರ್ತಿ ಒಪ್ತೀನಿ ಸಾರ್. ಮೀನಿಗೆ ನೋವಾಗುತ್ತೆ."

ಇಷ್ಟು ವರ್ಷಗಳಲ್ಲಿ ಹಾಗೆಂದವರು ಅವರೊಬ್ಬರೇ. ಮೇಷ್ಟ್ರು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು.

"ಅಂದ್ಮೇಲೆ ಇನ್ನೂ ಯಾಕೆ ಚುಚ್ತಾ ಇದೀರಾ?"

ಅದಕ್ಕೆ ಮೇಷ್ಟ್ರ ಬಳಿ ಉತ್ತರವಿತ್ತು. ಯಾವ ಔಷಧಿ ಎಷ್ಟು ಸಾಕೆಂದು ಮೀನಿನಿಂದ ತಿಳಿದರೆ ನಾಳೆ ಮನುಷ್ಯರಿಗೂ ಉಪಯೋಗವಾದೀತು. ಹೇಳಲು ಬಾಯಿಯನ್ನೂ ತೆರೆದರು. ಆದರೆ ಆ ವಾರವೆಲ್ಲ ಸೂಜಿ ಎತ್ತಿದಾಗ ಕೈ ಬಾರದೆ, ಹಿಡಿದ ಮೀನನ್ನು ಹಾಗೆಯೇ ನೀರಿಗೆ ಬಿಟ್ಟಿದ್ದರು. ಅದು ಅವರೊಬ್ಬರಿಗೇ ಗೊತ್ತಿತ್ತು.

"ನಿಲ್ಲಿಸ್ತೀನಿ ಮೇಡಂ" ಎಂದರು.

ತೊಟ್ಟಿಗಳನ್ನು ಪ್ರಿನ್ಸಿಪಾಲರು ತಮ್ಮ ಕೋಣೆಯ ಹೊರಗೆ ಇಡಿಸಿ, ಬಣ್ಣದ ದೀಪ ಹಾಕಿಸಿದರು. ಬಂದ ಪೋಷಕರೆಲ್ಲ ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ವಾರ್ಷಿಕ ಸಭೆಯಲ್ಲಿ ಪ್ರಿನ್ಸಿಪಾಲರು, ಸಂಸ್ಥೆಯ ಅಂದ ಹೆಚ್ಚಿಸಿದ ಪ್ರಾಧ್ಯಾಪಕರೆಂದು ಹೊಗಳಿ ಮೇಷ್ಟ್ರ ಕೈಗೆ ಒಂದು ಫಲಕವನ್ನೂ ಕೊಟ್ಟರು.

ಮೇಷ್ಟ್ರು ಅದನ್ನು ಹಿಡಿದು ಹೊರಬಂದಾಗ ಒಬ್ಬಾತ ಗಾಜನ್ನು ಉಂಗುರದಿಂದ ಟಕಟಕ ಬಡಿಯುತ್ತಿದ್ದ.

"ಬಡೀಬೇಡಿ, ಹೆದರ್ತವೆ."

"ಅಯ್ಯೋ, ಅವಕ್ಕೇನು ಗೊತ್ತಾಗುತ್ತೆ ಬಿಡಿ ಸಾರ್" ಎಂದು ಆತ ನಕ್ಕ.

ಮೇಷ್ಟ್ರು ಫಲಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಆತ ಹೋಗುವವರೆಗೂ ಗಾಜಿಗೆ ಅಡ್ಡಲಾಗಿ ನಿಂತರು.